ಹಳೆಯ ದಸ್ತಾವೇಜು ಓದುವ ಮೇಜು: ಕಾಸರಗೋಡಿನಲ್ಲಿ ಊರ ಚರಿತ್ರೆಯ ಕೂಟ ನಡೆಸಿದ ನನ್ನ ಅನುಭವ

ಕಾಸರಗೋಡಿನಲ್ಲಿ ಬಹುಭಾಷಾ ಕಾರ್ಯಕ್ರಮ ಮಾಡುವುದು ಹೇಗೆಂದು ವಾಚನಾಲಯ, ಸಂಘ, ಯುವಕ ಮಂಡಲ ನಡೆಸುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಪ್ತಭಾಷಾ ಸಂಗಮಭೂಮಿ ಎಂಬ ಬ್ಯಾನರು ಕಟ್ಟಿ, ಭಾಷೆಗೊಬ್ಬರಂತೆ ಏಳು ಮಂದಿಯನ್ನು ವೇದಿಕೆಗೆ ಕರೆದು, ಶಾಲು ಹೊದೆಸಿ, ಊಟ ಹಾಕಿ ಕಳುಹಿಸುವ ಕ್ರಮ ನಮಗೆಲ್ಲ ರೂಢಿಯಾಗಿದೆ. ನಾವು ಈಗ ಕೆಲವು ವರ್ಷಗಳಿಂದ ನಡೆಸುತ್ತಿರುವ, ಮನೆಮನೆಯ ಹಳೆಯ ಕಾಗದಗಳನ್ನು ಓದಿ ಊರ ಚರಿತ್ರೆ ಮಾತಾಡುವ ಕೂಟದ ಕ್ರಮ ಅದಲ್ಲ. ಅದನ್ನು ಆರಂಭಿಸಿದಾಗ "ಇದು ನಡೆಯುವ ಕೆಲಸವಲ್ಲ ಮಾಷ್ಟ್ರೇ" ಎಂದವರೇ ಹೆಚ್ಚು. ಹಾಗೆ ಹೇಳಿದವರಲ್ಲಿಯೇ ಕೆಲವರು ಇಂದು ತಮ್ಮ ಊರಲ್ಲೂ ಮಾಡಿಸಿಕೊಡಿ ಎಂದು ಕೇಳುತ್ತಿರುವುದರಿಂದ, ನಾವು ಮಾಡಿದ್ದನ್ನು ಮಾಡಿದಂತೆಯೇ ಬರೆದಿಡುತ್ತಿದ್ದೇನೆ.

ಮೊದಲ ವರ್ಷ ನಡೆದದ್ದು ರೂಢಿಯ ಕ್ರಮದಲ್ಲಿಯೇ. ಪೇಟೆಯ ಸಭಾಭವನ, ತಲಾ ಹದಿನೈದು ನಿಮಿಷ, ಕನ್ನಡದಿಂದ ತೊಡಗಿ ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಕೊನೆಗೆ ಕೊರಗ. ಖರ್ಚು ಎಪ್ಪತ್ತು ಸಾವಿರದ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಭಾಭವನದ ಬಾಡಿಗೆ, ಧ್ವನಿವರ್ಧಕ, ಶಾಲು, ಸ್ಮರಣಿಕೆಗಳಿಗೇ ಹೋಯಿತು. ಪ್ರತಿಯೊಂದು ಸಮುದಾಯದವರೂ ತಮ್ಮ ಭಾಷಣಕಾರರ ಜೊತೆ ಬಂದರು, ಅವರ ಮಾತು ಮುಗಿದ ಕೂಡಲೇ ಅವರ ಜೊತೆಯೇ ಎದ್ದು ಹೋದರು. ಕೊರಗ ಸಮುದಾಯದ ಹಿರಿಯರೊಬ್ಬರು ಮೈಕಿನ ಮುಂದೆ ಬಂದಾಗ ಗಂಟೆ ಒಂದೂವರೆ ದಾಟಿತ್ತು; ಸಭೆಯಲ್ಲಿ ಉಳಿದಿದ್ದವರು ಇಪ್ಪತ್ತಕ್ಕೂ ಕಡಿಮೆ, ಅವರಲ್ಲಿ ಹೆಚ್ಚಿನವರು ಸಂಘಟಕರು. ಎರಡನೆಯ ವರ್ಷ ಕ್ರಮವನ್ನು ತಿರುಗಿಸಿ ಕೊರಗರನ್ನು ಮೊದಲಿಗೆ ಇಟ್ಟೆವು, ಆಗ ಕೊನೆಯಲ್ಲಿದ್ದ ಕನ್ನಡಕ್ಕೂ ಅದೇ ಗತಿಯಾಯಿತು. ಸಮುದಾಯಕ್ಕೊಂದು ಪಾಲು ಹಂಚುವ ಕಾರ್ಯಕ್ರಮದಲ್ಲಿ ಜನ ತಮ್ಮ ಪಾಲು ತೆಗೆದುಕೊಂಡು ಹೋಗುತ್ತಾರೆ, ಅಷ್ಟೆ. ಆದ್ದರಿಂದ ಸಮುದಾಯಗಳನ್ನು ಕರೆಯುವುದನ್ನೇ ಬಿಟ್ಟು, ಎಲ್ಲ ಮನೆಗಳಿಗೂ ಸೇರಿದ ಒಂದು ವಿಷಯವನ್ನು ಮುಂದಿಟ್ಟು ಮನೆಗಳನ್ನು ಕರೆಯಬೇಕು ಎಂಬ ನಿರ್ಧಾರಕ್ಕೆ ಬಂದೆವು.

ಆ ವಿಷಯ ಸಿಕ್ಕಿದ್ದು ಪೆಟ್ಟಿಗೆಗಳೊಳಗೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಕಾಸರಗೋಡು ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಇಲ್ಲಿನ ಎಷ್ಟೋ ಜಮೀನು ಕಾಗದಗಳು, ಗೇಣಿಚೀಟುಗಳು, ಮುಚ್ಚಳಿಕೆಗಳು ಕನ್ನಡದಲ್ಲಿವೆ. ಮನೆಮಾತು ಮಲಯಾಳವಾಗಿರಲಿ, ಬ್ಯಾರಿಯಾಗಿರಲಿ, ಕೊಂಕಣಿಯಾಗಿರಲಿ, ಅಜ್ಜನ ಕಾಲದ ಕಾಗದ ಕನ್ನಡದಲ್ಲಿಯೇ ಇರುತ್ತದೆ, ಅದನ್ನು ಓದಬಲ್ಲವರು ಮಾತ್ರ ಮನೆಯಲ್ಲಿ ಇರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಆ ಕಾಲದ ಗುಮಾಸ್ತರ ಕೂಡುಬರಹ ಸುಲಭದಲ್ಲಿ ಬಗ್ಗುವುದಿಲ್ಲ. "ನಿಮ್ಮ ಹಳೆಯ ಕಾಗದ ತನ್ನಿ, ಓದಿ ಹೇಳುತ್ತೇವೆ" ಎಂದು ಕನ್ನಡ ಮತ್ತು ಮಲಯಾಳದಲ್ಲಿ ಒಂದು ಸಾಲು ಅಚ್ಚು ಹಾಕಿಸಿದೆವು. ಕಾಗದ ಓದಿಸಲು ಬಂದವರು ಚರಿತ್ರೆ ಕೇಳಲು ಕೂರುತ್ತಾರೆಯೇ ಎಂದು ಕೇಳಿದವರಿದ್ದರು. ಆ ಸಂಜೆ ಬಂದ ನಲವತ್ತಕ್ಕೂ ಹೆಚ್ಚು ಮನೆಯವರಲ್ಲಿ ಮುಕ್ಕಾಲು ಪಾಲು ಕತ್ತಲಾಗುವವರೆಗೂ ಕುಳಿತಿದ್ದರು.

ಓದುವ ಮೇಜಿಗೆ ನಾವು ಮಾಡಿಕೊಂಡ ನಿಯಮಗಳನ್ನು ಯಾರು ಅನುಸರಿಸದಿದ್ದರೂ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಸರ್ವೆ ನಂಬ್ರ, ಚೆಕ್ಕುಬಂದಿ, ಸಾಲದ ಮೊತ್ತ ಇವುಗಳನ್ನು ಗಟ್ಟಿಯಾಗಿ ಓದುವಂತಿಲ್ಲ. ಮನೆಯವರು ಕೇಳದೆ ಮೊಬೈಲಿನಲ್ಲಿ ಫೋಟೊ ತೆಗೆಯುವಂತಿಲ್ಲ. ವ್ಯಾಜ್ಯದಲ್ಲಿರುವ ಜಮೀನಿನ ಕಾಗದವಾದರೆ ನಮಸ್ಕಾರ ಹೇಳಿ ವಕೀಲರ ಬಳಿಗೆ ಕಳುಹಿಸಬೇಕು. ಓದುವವರು ಮನೆಯವರಿಗೆ ಮೊದಲು ಮೆಲ್ಲನೆ ಎಲ್ಲವನ್ನೂ ತಿಳಿಸಿ, ಅದರಲ್ಲಿ ಸಭೆಗೆ ಹೇಳಬಹುದಾದ ಒಂದೆರಡು ಸಾಲುಗಳನ್ನು ಮನೆಯವರಿಂದಲೇ ಆರಿಸಬೇಕು. ಆ ಸಾಲುಗಳೇ ನಮ್ಮ ಕೂಟದ ಬಂಡವಾಳ. ಮೊದಲ ಮನೆ ಪೆಟ್ಟಿಗೆ ತೆರೆಯುವಂತೆ ಮಾಡುವುದು ಹೇಗೆ ಎಂಬುದಕ್ಕೆ ನಮ್ಮದೊಂದು ಉಪಾಯವಿದೆ. ಬರೆದು ಹಂಚಿದರೆ ಅದು ಕೆಲಸ ಮಾಡುವುದಿಲ್ಲವಾದ್ದರಿಂದ, ನಮ್ಮ ಜೊತೆ ಬಂದು ಒಂದು ಮಳೆಗಾಲ ಮನೆಮನೆ ತಿರುಗುವವರಿಗೆ ಮಾತ್ರ ಅದನ್ನು ಹೇಳಿಕೊಡುತ್ತೇನೆ.

ಒಂದು ಕೂಟದಲ್ಲಿ ಹೀಗೆ ಆರಿಸಿದ ಸಾಲುಗಳಲ್ಲಿ ಮತ್ತೆ ಮತ್ತೆ ಬಂದದ್ದು ಗೇಣಿಯಾಗಿ ಕೊಡುತ್ತಿದ್ದ, ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿ. ಅಕ್ಕಿಯ ಸುತ್ತ ಮಾತು ಬೆಳೆದಾಗ, 16ನೇ ಶತಮಾನದ ಆದಿಯಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸ ಕುಂಬಳೆಯಿಂದ ಅಕ್ಕಿ ಮಾಲ್ದೀವಿಗೆ ಹೋಗಿ ಬದಲಿಗೆ ತೆಂಗಿನ ನಾರು ಬರುತ್ತಿದ್ದುದನ್ನು ಬರೆದಿಟ್ಟಿರುವ ಸಂಗತಿಯನ್ನು ನಾನು ಎರಡು ನಿಮಿಷದಲ್ಲಿ ಹೇಳಿದೆ. ಮುಡಿ ಕಟ್ಟುತ್ತಿದ್ದವರ ಮನೆಯವರು, ಗೇಣಿ ಕೊಟ್ಟವರು, ಪಡೆದವರು, ಕಡಲ ವ್ಯಾಪಾರದ ಮನೆತನದವರು, ಎಲ್ಲರೂ ಒಂದೇ ಕಥೆಯೊಳಗೆ ತಮ್ಮ ಜಾಗವನ್ನು ತಾವೇ ಹುಡುಕಿಕೊಂಡರು. ಯಾರಿಗೂ ಹದಿನೈದು ನಿಮಿಷ ಕೊಡಬೇಕಾಗಿ ಬರಲಿಲ್ಲ.

ಹೆಚ್ಚು ವಿರೋಧ ಬಂದದ್ದು ಭೂಸುಧಾರಣೆಯ ಕೂಟಕ್ಕೆ. 1970ರ ಜನವರಿ 1ರಿಂದ ಕೇರಳದಲ್ಲಿ ಜಮೀನ್ದಾರಿ ಕೊನೆಗೊಂಡಿತು, ಗೇಣಿದಾರರಿಗೆ ಭೂಮಿ ಸಿಕ್ಕಿತು. ಆ ಕಾನೂನನ್ನು ಪ್ರಶ್ನಿಸಿ ನಮ್ಮ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಹೂಡಿದ ಮೊಕದ್ದಮೆಯಲ್ಲಿ 1973ರ ಎಪ್ರಿಲ್ 24ರಂದು ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಾಧೀಶರ ಪೀಠ ಸಂವಿಧಾನದ ಮೂಲ ಸಂರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲವೆಂದು ಏಳು–ಆರರ ಬಹುಮತದಿಂದ ತೀರ್ಪು ಕೊಟ್ಟಿತು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಈ ತೀರ್ಪಿನ ಊರಿನಲ್ಲಿ, ಅದರ ಹಿಂದಿನ ಗೇಣಿಯ ಬದುಕನ್ನು ಒಟ್ಟಿಗೆ ಕುಳಿತು ಮಾತಾಡಿದ ಸಭೆಯನ್ನು ನಾನು ಕಂಡಿರಲಿಲ್ಲ. ದಣಿಗಳ ಮನೆಯವರೂ ಒಕ್ಕಲಿನ ಮನೆಯವರೂ ಒಂದೇ ಬೆಂಚಿನಲ್ಲಿ ಕುಳಿತರೆ ಜಗಳವಾಗುತ್ತದೆ ಎಂದು ಹಿರಿಯರೊಬ್ಬರು ನನ್ನನ್ನು ಮನೆಗೆ ಕರೆಸಿ ಎಚ್ಚರಿಸಿದರು. ಚಂದಾ ಕೊಡುತ್ತಿದ್ದ ಇಬ್ಬರು ಆ ಸಲ ಹಿಂದೆ ಸರಿದರು.

ಜಗಳವಾಗಲಿಲ್ಲ. ನಮ್ಮ ಕಟ್ಟುಪಾಡು ಒಂದೇ ಆಗಿತ್ತು: ಕೈಯಲ್ಲಿರುವ ಕಾಗದದಲ್ಲಿ ಬರೆದದ್ದನ್ನು ಅಥವಾ ತನ್ನ ಮನೆಯಲ್ಲಿ ತಾನು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಬೇಕು, ಮತ್ತೊಬ್ಬರ ಮನೆಯ ಮಾತು ಎತ್ತುವಂತಿಲ್ಲ. ಕಾಯಂ ಗೇಣಿಯಾದ ಮೂಲಗೇಣಿಯ ಮನೆಗೂ ವರ್ಷದ ಮಟ್ಟಿನ ಚಾಲಗೇಣಿಯ ಮನೆಗೂ ಇದ್ದ ಅಂತರವನ್ನು ಎಂಬತ್ತು ದಾಟಿದ ಹೆಂಗಸೊಬ್ಬರು ತುಳುವಿನಲ್ಲಿ ವಿವರಿಸಿದಷ್ಟು ಸ್ಪಷ್ಟವಾಗಿ ನಾನು ಯಾವ ಉಪನ್ಯಾಸದಲ್ಲೂ ಕೇಳಿಲ್ಲ. ವರ್ಷ ವರ್ಷವೂ ಎಬ್ಬಿಸಬಹುದಾದ ಭೂಮಿಯಲ್ಲಿ ತನ್ನ ತಂದೆ ಒಂದೇ ಒಂದು ತೆಂಗಿನ ಸಸಿಯನ್ನೂ ನೆಟ್ಟಿರಲಿಲ್ಲ ಎಂದರು ಅವರು. ಅವರ ಬಳಿಕ, ಭೂಮಿ ಕಳೆದುಕೊಂಡ ಮನೆತನದ ಯುವಕನೊಬ್ಬ ಅಜ್ಜನ ಲೆಕ್ಕಪುಸ್ತಕದಿಂದ ಗೇಣಿ ಬಾಕಿಯ ಪುಟವೊಂದನ್ನು, ಹೆಸರುಗಳನ್ನು ಬಿಟ್ಟು, ಓದಿದ. ನಮ್ಮ ಕೂಟಗಳಲ್ಲಿ ಇದಕ್ಕಿಂತ ಒಳ್ಳೆಯದು ನಡೆದಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಕಾಲದ ವಿಷಯದಲ್ಲಿಯೂ ನಮ್ಮ ಲೆಕ್ಕ ಬೇರೆ. ದೀಪಾವಳಿಯಿಂದ ಮೇ ತಿಂಗಳ ಪತ್ತನಾಜೆಯವರೆಗೆ ಕೋಲ, ನೇಮ, ಯಕ್ಷಗಾನದ ಆಟ, ಉರೂಸು, ಮದುವೆ ಎಂದು ಯಾವ ಆದಿತ್ಯವಾರವೂ ಖಾಲಿಯಿರುವುದಿಲ್ಲ. ನಾವು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳನ್ನು ಆರಿಸಿಕೊಂಡೆವು. ಆಟಿಯ ಮಳೆಯಲ್ಲಿ ಯಾರು ಬರುತ್ತಾರೆಂದು ಎಲ್ಲರೂ ಕೇಳಿದರು. ಆದರೆ ಆಟಿಯಲ್ಲಿ ಶುಭಕಾರ್ಯಗಳಿಲ್ಲ, ತೋಟದ ಕೆಲಸ ಹಗುರ, ಜುಲೈ ಕೊನೆಯವರೆಗೆ ಟ್ರೋಲಿಂಗ್ ನಿಷೇಧವಿರುವುದರಿಂದ ಬೋಟಿಗೆ ಹೋಗುವವರೂ ಮನೆಯಲ್ಲಿರುತ್ತಾರೆ. ಆದಿತ್ಯವಾರ ಮಧ್ಯಾಹ್ನ ಮೂರರ ಬಳಿಕವಾದರೆ ಬೇಳದ ಇಗರ್ಜಿಗೆ ಹೋಗುವವರಿಗೂ ಅನುಕೂಲ. ಮಳೆ ತೊಂದರೆ ಕೊಟ್ಟದ್ದು ಒಂದೇ ಕಡೆ, ತಗಡಿನ ಮಾಡಿನ ಸಭಾಂಗಣದಲ್ಲಿ. ಅಲ್ಲಿ ಮಳೆ ಹೊಡೆದ ಒಂದೂವರೆ ಗಂಟೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಆ ಮೇಲೆ ಹಂಚಿನ ಮಾಡಿನ ಹಳೆಯ ಶಾಲೆಗಳನ್ನಲ್ಲದೆ ಬೇರೆ ಜಾಗವನ್ನು ಒಪ್ಪಿಕೊಂಡಿಲ್ಲ. ಕಾಗದಗಳಿಗೆ ಥಂಡಿ ತಾಗದಂತೆ ದಪ್ಪ ಪ್ಲಾಸ್ಟಿಕ್ ಲಕೋಟೆ ಮತ್ತು ಹತ್ತಿಬಟ್ಟೆ ನಾವೇ ಒದಗಿಸುತ್ತೇವೆ.

ಭಾಷೆಯ ವಿಷಯದಲ್ಲಿ ಮೊದಲು ಸಾಲು ಸಾಲಾಗಿ ಅನುವಾದ ಮಾಡಿಸಿದೆವು. ಒಂದು ಗಂಟೆಯ ಮಾತು ಮೂರು ಗಂಟೆಯಾಯಿತು. ಈಗ ಯಾರು ಬೇಕಾದರೂ ತಮ್ಮ ಮನೆಮಾತಿನಲ್ಲಿ ಮಾತಾಡುತ್ತಾರೆ, ಮುಗಿದ ಮೇಲೆ ಎರಡು ನಿಮಿಷದ ಸಾರ ಕನ್ನಡದಲ್ಲಿ, ಎರಡು ನಿಮಿಷದ ಸಾರ ಮಲಯಾಳದಲ್ಲಿ. ಪ್ರಶ್ನೋತ್ತರ ಮಾತ್ರ ತುಳುವಿನಲ್ಲಿ. ಕುಂಬಳೆಯಿಂದ ಉತ್ತರಕ್ಕೆ ಮನೆಮಾತು ಯಾವುದೇ ಇರಲಿ, ತುಳು ತಿಳಿಯದವರು ಕಡಿಮೆ. ಕನ್ನಡ–ಮಲಯಾಳ ಎಂಬ ಎಳೆದಾಟವೂ ತುಳುವಿನಲ್ಲಿ ತಂತಾನೇ ತಣಿಯುತ್ತದೆ. ಆಮಂತ್ರಣವನ್ನು ಒಂದೇ ಹಾಳೆಯಲ್ಲಿ, ಒಂದು ಕಡೆಯಿಂದ ಕನ್ನಡ, ತಿರುಗಿಸಿದರೆ ಮಲಯಾಳ, ಎರಡೂ ಮುಖಪುಟವಾಗುವಂತೆ ಮಡಿಚಿ ಮಾಡಿಸುತ್ತೇವೆ. ಯಾವ ಭಾಷೆ ಮೇಲೆ, ಯಾವುದು ಕೆಳಗೆ ಎಂಬ ಚರ್ಚೆಗೆ ಮೊದಲ ವರ್ಷ ಎರಡು ಸಮಿತಿ ಸಭೆಗಳು ಮುಗಿದುಹೋಗಿದ್ದವು.

ಹಣದ ವಿಚಾರವನ್ನು ಬಿಡಿಸಿಯೇ ಹೇಳಬೇಕು. ಈಗ ಒಂದು ಕೂಟಕ್ಕೆ ಹತ್ತು ಹನ್ನೊಂದು ಸಾವಿರ ಸಾಕಾಗುತ್ತದೆ. ಸಣ್ಣ ಧ್ವನಿಪೆಟ್ಟಿಗೆಗೆ ಸಾವಿರದೈನೂರು, ಅಚ್ಚಿಗೆ ಸಾವಿರಕ್ಕೆ ಸ್ವಲ್ಪ ಮೇಲೆ, ಚಹಾ–ಅವಲಕ್ಕಿಗೆ ಸುಮಾರು ಮೂರು ಸಾವಿರ. ಅದನ್ನು ಆಯಾ ವಾರ್ಡಿನ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಘಟಕಕ್ಕೆ ಕೊಡುತ್ತೇವೆ, ಅವರ ಜೊತೆಗೆ ಹೆಂಗಸರೂ ಸಭೆಗೆ ಬರುತ್ತಾರೆ. ಉಳಿದದ್ದು ಮಾತಾಡುವ ನಾಲ್ಕೈದು ಮಂದಿಯ ಗೌರವಧನ. ಪ್ರಾಧ್ಯಾಪಕರಿಗೂ ಬುಟ್ಟಿ ಹೆಣೆಯುವವರಿಗೂ ಒಂದೇ ಮೊತ್ತ, ತಲಾ ಸಾವಿರ. ಕೂಲಿ ಬಿಟ್ಟು ಬರುವವರಿಗೆ ಅದಕ್ಕಿಂತ ಕಡಿಮೆ ಕೊಡುವುದು ಅನ್ಯಾಯ. ವಿದ್ವಾಂಸರಿಗೆ ಹೆಚ್ಚು ಕೊಟ್ಟರೆ ಸಭೆಯ ನೆಲ ಎರಡಾಗುತ್ತದೆ. ಶಾಲು, ಹಾರ, ಸ್ಮರಣಿಕೆ ಇಲ್ಲ. ಒಂದು ಮನೆಯಿಂದ ಐನೂರಕ್ಕಿಂತ ಹೆಚ್ಚು ಚಂದಾ ತೆಗೆದುಕೊಳ್ಳುವುದಿಲ್ಲ. ತನ್ನ ಹೆಸರಿನ ಬ್ಯಾನರು ಕಟ್ಟುವುದಾದರೆ ಇಡೀ ವರ್ಷದ ಖರ್ಚು ಕೊಡುತ್ತೇನೆಂದ ವ್ಯಾಪಾರಿಯೊಬ್ಬರನ್ನು ನಿರಾಕರಿಸಿದಾಗ ಸಮಿತಿಯ ಮೂವರು ರಾಜೀನಾಮೆ ಕೊಟ್ಟರು, ಒಂದು ವರ್ಷ ಕೈಯಿಂದ ಹದಿನೆಂಟು ಇಪ್ಪತ್ತು ಸಾವಿರ ಹಾಕಬೇಕಾಯಿತು. ಆದರೂ ಬ್ಯಾನರಿಲ್ಲದ ಗೋಡೆಯ ಬೆಲೆ ನನಗೆ ಗೊತ್ತಿದೆ: ಯಾರ ಸಭೆ ಇದು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಹೋದಾಗ ಎಲ್ಲ ಪಕ್ಷದವರೂ ಎಲ್ಲ ಮತದವರೂ ಒಳಗೆ ಬರುತ್ತಾರೆ. ಲೆಕ್ಕಪತ್ರವನ್ನು ಮುಂದಿನ ಕೂಟದ ಬಾಗಿಲಲ್ಲಿ ಅಂಟಿಸುತ್ತೇವೆ.

ಕೊರಗರ ಜೊತೆಗಿನ ಅನುಭವವನ್ನು ಬೇರೆಯಾಗಿ ಹೇಳಬೇಕು. ಇಂಥ ಕಾರ್ಯಕ್ರಮಗಳಲ್ಲಿ ಅವರನ್ನು ಡೋಲು ಬಾರಿಸಲು ಕರೆಯುವುದು ರೂಢಿ. ನಮ್ಮ ಸಮಿತಿಯಿಂದಲೂ ಆ ಬೇಡಿಕೆ ಹೋದಾಗ ಅವರು ಒಪ್ಪಲಿಲ್ಲ, ಮತ್ತು ಆ ನಿರಾಕರಣೆಗೆ ಚರಿತ್ರೆಯಿದೆ: ತುಳುನಾಡಿನಲ್ಲಿ ಡೋಲಿಗೂ ಅಜಲು ಎಂಬ ಅವಮಾನದ ಪದ್ಧತಿಗೂ ನಂಟಿತ್ತು, ಗಡಿಯಾಚೆ ಕರ್ನಾಟಕ ಅದನ್ನು 2000ದಲ್ಲಿ ಕಾಯಿದೆಯ ಮೂಲಕವೇ ನಿಷೇಧಿಸಬೇಕಾಯಿತು. ಅವರು ಮಾತಾಡಲು ಒಪ್ಪಿದ ವಿಷಯ ಕಾಡಿನ ಬಳ್ಳಿ. ಯಾವ ಗುಡ್ಡದಲ್ಲಿ ಯಾವ ಬಳ್ಳಿ ಸಿಗುತ್ತಿತ್ತು, ರಬ್ಬರು ಬಂದ ಮೇಲೆ ಎಲ್ಲಿ ಹೋಯಿತು, ಈಗ ಬುಟ್ಟಿಗೆ ಎಷ್ಟು ದೂರ ನಡೆಯಬೇಕು ಎಂಬುದನ್ನು ಹಿರಿಯರೊಬ್ಬರು ವಿವರಿಸುತ್ತಿದ್ದಾಗ, ಆ ಗುಡ್ಡಗಳ ಪಟ್ಟೆ ಯಾರ ಹೆಸರಿನಲ್ಲಿದೆಯೋ ಆ ಮನೆಯವರೂ ಎದುರಿನಲ್ಲಿ ಕುಳಿತು ಕೇಳುತ್ತಿದ್ದರು.

ಈ ಬಳ್ಳಿಯ ಮಾತಿನಿಂದಲೇ ಬಟ್ಟೆಯ ನಕ್ಷೆಯ ಪ್ರಯೋಗ ಹುಟ್ಟಿತು. ನಾಲ್ಕು ಮೀಟರು ಬಿಳಿ ಬಟ್ಟೆಯ ಮೇಲೆ ತೋಡು ಮತ್ತು ರಸ್ತೆಯನ್ನು ಮಾತ್ರ ಬರೆದು, ಉಳಿದುದನ್ನು ಬಂದವರಿಂದಲೇ ಇದ್ದಿಲಿನಲ್ಲಿ ತುಂಬಿಸಿದೆವು. ಎಣ್ಮಕಜೆ, ಪೈವಳಿಕೆ ಕಡೆಯಲ್ಲಿ ಇದು ಅದ್ಭುತವಾಗಿ ಫಲಿಸಿತು, ಏಕೆಂದರೆ ಅಲ್ಲಿ ಪ್ರತಿ ಗುಡ್ಡದಲ್ಲೂ ತೋರಿಸಲು ಸುರಂಗಗಳಿವೆ. ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದು ನೀರನ್ನು ತಾನಾಗಿ ಹರಿದುಬರುವಂತೆ ಮಾಡಿದ ಈ ಗುಹೆಗಳನ್ನು ಕೊರೆದವರ ಮನೆಯವರು ಯಾರ ತೋಟದಲ್ಲಿ ಎಷ್ಟು ಕೋಲು ಉದ್ದ ಎಂಬುದನ್ನು ಬಾಯಿಪಾಠವಾಗಿ ಹೇಳಿದರು. ಕಾಸರಗೋಡು ಸೀರೆಯ ನೇಕಾರರ ಮಗ್ಗವನ್ನು ಶಾಲೆಗೆ ತರಿಸುವ ಪ್ರಯತ್ನ ಮಾತ್ರ ಕೈಕೊಟ್ಟಿತು. ಮಗ್ಗ ಜಾಗ ಬಿಟ್ಟು ಹೊರಡುವ ವಸ್ತುವಲ್ಲ, ಆದ್ದರಿಂದ ಜನರನ್ನೇ ಅಲ್ಲಿಗೆ ಕರೆದೊಯ್ದು, ಅದೇ ದಿನ ತಳಂಗರೆಯ ಟೊಪ್ಪಿ ಹೊಲಿಯುವವರನ್ನೂ ಕೂರಿಸಿದೆವು. ಮೊಗ್ರಾಲಿನ ಮಾಪಿಳ್ಳೆ ಹಾಡುಗಳ ಅರಬಿ–ಮಲಯಾಳ (ಅರಬಿ ಲಿಪಿಯ ಮಲಯಾಳ) ಕೈಬರಹದ ಪುಸ್ತಕಗಳಿಗೆ ನಮ್ಮದೇ ಮಾದರಿಯ ಓದುವ ಮೇಜನ್ನು ಆ ಊರವರು ಈಗ ತಾವೇ ಇಟ್ಟುಕೊಂಡಿದ್ದಾರೆ. ಉಪ್ಪಳದ ಉರ್ದು ಮನೆಗಳಲ್ಲಿ ಅಜ್ಜಿಯರ ಮಾತನ್ನು ಧ್ವನಿಮುದ್ರಿಸುವ ಕೆಲಸ ಅರ್ಧದಲ್ಲಿದೆ.

ಮಂಜೇಶ್ವರ ಬಳಿಯ ಉದ್ಯಾವರದ ಮಾಡ ಎಂಬ ದೈವಸ್ಥಾನದ ಉತ್ಸವಕ್ಕೆ ದೈವದ ಕಡೆಯವರು ಮಸೀದಿಗೆ ಹೋಗಿ ಆಹ್ವಾನ ಕೊಡುವ ಸಂಪ್ರದಾಯದಂತಹ ಸಂಗತಿಗಳಿಂದ ಕೂಟವನ್ನು ಏಕೆ ಆರಂಭಿಸುವುದಿಲ್ಲ ಎಂದು ಹಲವರು ಕೇಳುತ್ತಾರೆ. ಅವು ನಮ್ಮ ನಾಡಿನ ಹೆಮ್ಮೆ, ನಿಜ. ಆದರೆ ಸೌಹಾರ್ದದ ಕಥೆಯನ್ನು ಮೊದಲಿಗೇ ಇಟ್ಟರೆ ಬಂದವರೆಲ್ಲ ತಲೆಯಾಡಿಸಿ ಸುಮ್ಮನಾಗುತ್ತಾರೆ, ಗೇಣಿಯ ಬಾಕಿ, ಕಳೆದುಹೋದ ಗುಡ್ಡ, ಮುಚ್ಚಿದ ಕನ್ನಡ ಶಾಲೆ ಇವುಗಳ ಮಾತು ಹೊರಗೆ ಬರುವುದೇ ಇಲ್ಲ. ಕಷ್ಟದ ಮಾತು ಮುಗಿದ ಮೇಲೆ ಅಂಥ ಕಥೆಗಳು ಕೇಳುಗರಿಂದಲೇ ಬರುತ್ತವೆ, ಆಗ ಅವಕ್ಕೆ ತೂಕವೂ ಇರುತ್ತದೆ.

ಬರುವ ಆಟಿಗೆ ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ, ಹೊಸದುರ್ಗದ ಕಡೆಗೆ ಹೋಗುತ್ತಿದ್ದೇವೆ. ಅಲ್ಲಿ ತುಳುವಿನ ಆಸರೆ ಇಲ್ಲ, ಪ್ರಶ್ನೋತ್ತರವೂ ಮಲಯಾಳದಲ್ಲಿಯೇ ಆಗಬೇಕು. 1941ರ ಕಯ್ಯೂರಿನ ರೈತ ಹೋರಾಟದ ನೆನಪು ಅಲ್ಲಿ ಇನ್ನೂ ಬಿಸಿಯಾಗಿರುವುದರಿಂದ ಗೇಣಿಯ ಮಾತಿಗೆ ಇನ್ನಷ್ಟು ಎಚ್ಚರ ಬೇಕು. ಓದುವ ಮೇಜಿಗೆ ಹಳೆಯ ಕೂಡುಬರಹ ಬಲ್ಲ, ಮಲಯಾಳದಲ್ಲಿ ವಿವರಿಸಬಲ್ಲ ಇಬ್ಬರು ಸಿಕ್ಕಿದ್ದಾರೆ, ಇನ್ನಿಬ್ಬರು ಬೇಕು. ಗೌರವಧನ ಅದೇ ಸಾವಿರ. ಬಸ್ಸಿನ ಖರ್ಚನ್ನು ಬೇರೆಯಾಗಿ ಕೊಡುತ್ತೇವೆ.