ಫಂಕ್ಷನ್ ಗ್ರಾಫ್ ಸರಿಸುವುದು, ಕುಗ್ಗಿಸುವುದು, ಮಗುಚುವುದು ಹೇಗೆ?

ಸೂತ್ರ ಕಂಡ ಕೂಡಲೇ ಒಂದನ್ನು ಗಮನಿಸಿ: ಬದಲಾವಣೆ ಆವರಣದ ಒಳಗಿದೆಯೋ, ಹೊರಗಿದೆಯೋ? ಹೊರಗಿನದು ವೈ ಬೆಲೆಯನ್ನು ಬದಲಿಸುತ್ತದೆ, ಕಂಡಂತೆಯೇ ನಡೆಯುತ್ತದೆ. ಎಫ್(ಎಕ್ಸ್) + 3 ಎಂದರೆ ಗ್ರಾಫ್ 3 ಮಾನ ಮೇಲಕ್ಕೆ. 2ಎಫ್(ಎಕ್ಸ್) ಎಂದರೆ ಪ್ರತಿ ಬಿಂದುವೂ ಎಕ್ಸ್-ಅಕ್ಷದಿಂದ ಎರಡು ಪಟ್ಟು ದೂರ. −ಎಫ್(ಎಕ್ಸ್) ಎಂದರೆ ಎಕ್ಸ್-ಅಕ್ಷದಲ್ಲಿ ಪ್ರತಿಬಿಂಬ.

ಒಳಗಿನದು ಎಕ್ಸ್ ಬೆಲೆಯನ್ನು ಬದಲಿಸುತ್ತದೆ, ಅದೂ ಉಲ್ಟಾ. ಎಫ್(ಎಕ್ಸ್ − 3) ಸರಿಯುವುದು ಬಲಕ್ಕೆ. ಇದನ್ನು ಬಾಯಿಪಾಠ ಮಾಡಬೇಡಿ, ಕಾರಣ ಸರಳವಾಗಿದೆ: ಮೊದಲು ಎಕ್ಸ್ = 0 ಇದ್ದಾಗ ಸಿಗುತ್ತಿದ್ದ ಬೆಲೆ ಈಗಲೂ ಸಿಗಬೇಕಾದರೆ ಆವರಣದೊಳಗೆ 0 ಬರಬೇಕು. ಅದಕ್ಕೆ ಎಕ್ಸ್ 3 ಆಗಲೇಬೇಕು. ಎಫ್(2ಎಕ್ಸ್) ಅಡ್ಡಕ್ಕೆ ಅರ್ಧದಷ್ಟು ಕುಗ್ಗುವುದೂ ಹೀಗೆಯೇ. ಮೊದಲು 4ರಲ್ಲಿ ಸಿಗುತ್ತಿದ್ದ ಬೆಲೆ ಈಗ 2ರಲ್ಲೇ ಸಿಗುತ್ತದೆ.

ಅಭ್ಯಾಸಕ್ಕೆ ಸಾಮಾನ್ಯವಾಗಿ ಎಕ್ಸ್² ತೆಗೆದುಕೊಳ್ಳುತ್ತಾರೆ. √ಎಕ್ಸ್ ಅದಕ್ಕಿಂತ ವಾಸಿ. ಎಕ್ಸ್²ರ ಗ್ರಾಫ್, ಅಂದರೆ ಪರವಲಯ, ವೈ-ಅಕ್ಷದ ಎರಡೂ ಬದಿ ಒಂದೇ ಥರ ಇರುವುದರಿಂದ ಎಫ್(−ಎಕ್ಸ್) ಮಾಡಿದರೂ ಬದಲಾಗುವುದಿಲ್ಲ, ತಪ್ಪಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಈಗ ವೈ = −2√(2ಎಕ್ಸ್ − 6) + 1 ಬಿಡಿಸೋಣ. √ಎಕ್ಸ್ ಮೇಲಿನ ಮೂರು ಸುಲಭ ಬಿಂದುಗಳನ್ನು ಹಿಡಿಯಿರಿ: (0, 0), (1, 1), (4, 2). ಒಳಗಿನದನ್ನು ಹಳೆಯ ಎಕ್ಸ್‌ಗೆ ಸಮ ಮಾಡಿ. 2ಎಕ್ಸ್ − 6 ಕ್ರಮವಾಗಿ 0, 1, 4 ಆದರೆ ಹೊಸ ಎಕ್ಸ್ 3, 3.5, 5. ಆಮೇಲೆ ಹಳೆಯ ವೈಯನ್ನು −2ರಿಂದ ಗುಣಿಸಿ, 1 ಕೂಡಿಸಿ: 1, −1, −3. ಹೀಗೆ ಸಿಕ್ಕ (3, 1), (3.5, −1), (5, −3) ಗುರುತಿಸಿ, ನಯವಾದ ವಕ್ರರೇಖೆಯಿಂದ ಸೇರಿಸಿ. ಗ್ರಾಫ್ (3, 1)ರಲ್ಲಿ ಶುರುವಾಗಿ ಬಲಕ್ಕೆ ಇಳಿಯುತ್ತದೆ. 3ರ ಎಡಕ್ಕೆ ಏನೂ ಇರುವುದಿಲ್ಲ.

ಹೆಚ್ಚಿನವರು ಎಡವುವುದು ಆ 6ರಲ್ಲಿ. ಮೊದಲು ಅರ್ಧಕ್ಕೆ ಕುಗ್ಗಿಸಿ, ಆಮೇಲೆ 6 ಮಾನ ಸರಿಸಿದರೆ ಆರಂಭಬಿಂದು 6ಕ್ಕೆ ಹೋಗಿಬಿಡುತ್ತದೆ. 2ನ್ನು ಹೊರತೆಗೆದು 2(ಎಕ್ಸ್ − 3) ಎಂದು ಬರೆದುಕೊಳ್ಳಿ: ಕುಗ್ಗಿಸಿದ ಮೇಲೆ ಸರಿಸಬೇಕಾದದ್ದು 3 ಮಾತ್ರ. ಸರಿಸುವುದನ್ನೇ ಮೊದಲು ಮಾಡುವುದಾದರೆ 6 ಸರಿ. ಆಮೇಲೆ ಕುಗ್ಗಿಸಿದಾಗ ಅದೂ ಅರ್ಧವಾಗಿ 3ಕ್ಕೇ ಬರುತ್ತದೆ. ಎಫ್(3 − ಎಕ್ಸ್) ಬಂದಾಗಲೂ ಇದೇ ಎಚ್ಚರ ಬೇಕು. ಅದು ಎಫ್(−(ಎಕ್ಸ್ − 3)), ಅಂದರೆ ವೈ-ಅಕ್ಷದಲ್ಲಿ ಮಗುಚಿ ಬಲಕ್ಕೆ 3.

ಹೊರಗಡೆ ಗುಣಾಕಾರ ಮೊದಲು, ಕೂಡುವುದು ನಂತರ. ಮೇಲಿನ ಲೆಕ್ಕದಲ್ಲಿ 1ನ್ನು ಮೊದಲೇ ಕೂಡಿಸಿದರೆ ಆರಂಭಬಿಂದುವಿನ ವೈ 1ರ ಬದಲು −2 ಆಗುತ್ತದೆ. ಅನುಮಾನ ಬಂದರೆ ಒಂದು ಬಿಂದುವನ್ನು ಮೂಲ ಸೂತ್ರಕ್ಕೆ ಹಾಕಿ ತಾಳೆ ನೋಡಿ: ಎಕ್ಸ್ = 5 ಆದರೆ ಒಳಗೆ 4, ವರ್ಗಮೂಲ 2, ವೈ = −4 + 1 = −3.