ಬಾರಿನಲ್ಲಿ ಅರ್ಧ ಪ್ಲೇಟ್: ಕೊನೆಗೂ ಕೂಡಿಬಂದ ಲೆಕ್ಕ

ಹೋದ ತಿಂಗಳು ನಮ್ಮದೇ ಲೈನಿನ ಒಬ್ಬರು ಬಂದು ಮೂಲೆ ಟೇಬಲ್ಲಿನಲ್ಲಿ ಕೂತರು. ಅವರದ್ದು ರಿಂಗ್ ರೋಡಿನ ಕಡೆ ದೊಡ್ಡ ಬಾರು. ಮೂರು ವರ್ಷದ ಹಿಂದೆ "ಅರ್ಧ ಪ್ಲೇಟ್ ಕೊಡೋಕೆ ಹೋದ್ರೆ ಅರ್ಧ ಬಾಡಿಗೆನೂ ಹುಟ್ಟಲ್ಲ" ಅಂದಿದ್ದವರು ಇವರೇ. ಅವತ್ತು ಒಬ್ಬರೇ ಬಂದಿದ್ದರು. ಎರಡು ಸಿಕ್ಸ್ಟಿ (60 ಎಂಎಲ್ ಪೆಗ್) ಕುಡಿದರು, ನಾಲ್ಕು ಅರ್ಧ ಪ್ಲೇಟ್ ತಿಂದರು. ಬಿಲ್ಲನ್ನು ಎರಡು ಸಲ ನೋಡಿ, "ಕುಡಿದಿದ್ದಕ್ಕಿಂತ ತಿಂದಿದ್ದೇ ಜಾಸ್ತಿ ಆಯ್ತಲ್ರೀ" ಅಂದರು. ನಾನು ಕಾಯುತ್ತಿದ್ದ ಮಾತೇ ಅದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನ ಒಂದು ಬಡಾವಣೆಯ ಅಡ್ಡರಸ್ತೆಯಲ್ಲಿರುವ ಸಣ್ಣ ಬಾರ್ ಅಂಡ್ ರೆಸ್ಟೋರೆಂಟ್. ಹನ್ನೊಂದು ಟೇಬಲ್, ನಲವತ್ನಾಲ್ಕು ಕುರ್ಚಿ. ಬಾರ್ ನಡೆಸುವ ಸಿಎಲ್-9 ಲೈಸೆನ್ಸ್ ಅಪ್ಪನ ಕಾಲದ್ದು. ಹಳೆ ಲೈಸೆನ್ಸಿನ ಬೆಲೆ ಎಷ್ಟು ಅಂತ ಈ ಲೈನಿನವರಿಗೆ ನಾನು ಹೇಳಬೇಕಾಗಿಲ್ಲ. ಅಪ್ಪನ ಕಾಲದಲ್ಲಿ ಪರದೆ ಹಾಕಿದ ನಾಲ್ಕು ಕ್ಯಾಬಿನ್, ಕೆಂಪು ಜೀರೋ ಬಲ್ಬು, ಉಪ್ಪುಕಡ್ಲೆ, ಸೌತೆಕಾಯಿ. ಅಷ್ಟರಲ್ಲೇ ಚೆನ್ನಾಗಿ ನಡೆಯುತ್ತಿತ್ತು.

ಆಮೇಲೆ ಕೊರೊನಾ ಬಂತು. 2020ರ ಮಾರ್ಚಿನಲ್ಲಿ ಬಾಗಿಲು ಹಾಕಿದೆವು. ಮೇನಲ್ಲಿ ಎಂಆರ್‌ಪಿಗೆ ಪಾರ್ಸೆಲ್ ಮಾರಲು ಬಿಟ್ಟರು. ಕೂರಿಸಿ ಕೊಡಲು ಸೆಪ್ಟೆಂಬರ್ 1ರವರೆಗೆ ಕಾಯಬೇಕಾಯಿತು. ಮರುವರ್ಷ ಎರಡನೇ ಅಲೆ. ಅಷ್ಟರಲ್ಲಿ ಜನ ಮನೆಯಲ್ಲೇ ಕುಡಿಯುವುದನ್ನು ಕಲಿತಿದ್ದರು. ಅಂಗಡಿಯಲ್ಲಿ ಎಂಆರ್‌ಪಿಗೆ ಸಿಗುವುದನ್ನು ನಮ್ಮಲ್ಲಿ ಜಾಸ್ತಿ ಕೊಟ್ಟು ಯಾಕೆ ಕುಡಿಯಬೇಕು? ನ್ಯಾಯವಾದ ಪ್ರಶ್ನೆಯೇ. 2022ರ ಹೊತ್ತಿಗೆ ದಿನದ ಕೌಂಟರ್, ಅಂದರೆ ಒಟ್ಟು ವ್ಯಾಪಾರ, ಸುಮಾರು 22,000ಕ್ಕೆ ಬಂದು ನಿಂತಿತ್ತು. ಅದರಲ್ಲಿ ಊಟ-ತಿಂಡಿಯದ್ದು 5,000 ಇದ್ದರೆ ಹೆಚ್ಚು.

ಆಗ ಅಪ್ಪ ನನ್ನ ಕೈಗೆ ಬಿಟ್ಟರು. ನಾನು ಮೊದಲು ಮಾಡಿದ್ದೆಲ್ಲ ತಪ್ಪೇ.

ಮೊದಲ ತಪ್ಪು ತಂದೂರ್. ಎಲ್ಲರೂ ಇಟ್ಟಿದ್ದಾರೆ ಅಂತ ನಾನೂ ಇಟ್ಟೆ. ಭಟ್ಟಿಗೆ 38,000 ಕೊಟ್ಟೆ. ತಂದೂರ್ ಮಾಸ್ಟರ್ 40,000 ಅಡ್ವಾನ್ಸ್ ಕೇಳಿದ, ಅದನ್ನೂ ಕೊಟ್ಟೆ. ಹತ್ತೊಂಬತ್ತನೇ ದಿನ ಊರಿಗೆ ಹೋಗಿ ಬರ್ತೀನಿ ಅಂದ. ಇನ್ನೂ ಬಂದಿಲ್ಲ. ಭಟ್ಟಿ ಹಿಂದಿನ ಅಂಗಳದಲ್ಲಿದೆ, ಅದರ ಮೇಲೆ ಈಗ ಈರುಳ್ಳಿ ಚೀಲ ಇಡುತ್ತೇವೆ.

ಎರಡನೆಯದು ಟಿವಿ ತೆಗೆದದ್ದು. ಸದ್ದಿಲ್ಲದಿದ್ದರೆ ಜನ ಹೆಚ್ಚು ಹೊತ್ತು ಕೂರುತ್ತಾರೆ ಅಂತ ಎಲ್ಲೋ ಕೇಳಿದ್ದೆ. ಐಪಿಎಲ್ ಮುಗಿಯುವಷ್ಟರಲ್ಲಿ ಎದುರು ರಸ್ತೆಯವರಿಗೆ ಒಳ್ಳೆ ವ್ಯಾಪಾರ ಮಾಡಿಕೊಟ್ಟಿದ್ದೆ. ಟಿವಿ ವಾಪಸ್ ಬಂತು. ಈಗ ಓಡುತ್ತದೆ, ಆದರೆ ಸೌಂಡ್ ಇಲ್ಲ. ವಿಕೆಟ್ ಬಿದ್ದರೆ ಗಿರಾಕಿಗಳೇ ಕೂಗುತ್ತಾರೆ, ಅಷ್ಟು ಸಾಕು.

ಅರ್ಧ ಪ್ಲೇಟಿನ ಯೋಚನೆ ಬಂದದ್ದು ಒಬ್ಬ ನಿವೃತ್ತ ಮೇಷ್ಟ್ರಿಂದ. ದಿನಾ ಏಳು ಗಂಟೆಗೆ ಬಂದು ಒಂದು ನೈಂಟಿ, ಒಂದು ಸೋಡಾ ತಗೊಳ್ಳುತ್ತಿದ್ದರು. ತಿನ್ನಲು ಏನೂ ಹೇಳುತ್ತಿರಲಿಲ್ಲ. ಯಾಕೆ ಸಾರ್ ಅಂದರೆ, "ನೂರೆಂಬತ್ತು ಕೊಟ್ಟು ಒಂದು ಪ್ಲೇಟ್ ಕಬಾಬ್ ತಗೊಂಡ್ರೆ ಅರ್ಧ ತಿಂತೀನಿ, ಅರ್ಧ ಬಿಡ್ತೀನಿ ಕಣಪ್ಪ" ಅಂದರು. ಆ ವಾರ ಸುಮ್ನೆ ಲೆಕ್ಕ ಹಾಕಿದೆ. ಸಂಜೆ ಆರರಿಂದ ಎಂಟೂವರೆವರೆಗೆ ಬರುವವರಲ್ಲಿ ಹತ್ತಕ್ಕೆ ಆರು ಜನ ಒಂಟಿಯಾಗಿ ಬರುವವರು. ನಮ್ಮ ಪ್ಲೇಟೆಲ್ಲ ಮೂರು ಜನಕ್ಕೆ ಅಳೆದದ್ದು.

ಫುಲ್ 180 ಇದ್ದರೆ ಹಾಫ್ 100 ಅಂತ ಇಟ್ಟೆ. 90 ಅಲ್ಲ. ಆ ಹತ್ತು ರೂಪಾಯಿಯಲ್ಲೇ ಇದೆ ಎಲ್ಲ. ನೂರಾದರೆ ಯಾರೂ ಎರಡನೇ ಸಲ ಯೋಚಿಸುವುದಿಲ್ಲ, ಚಿಲ್ಲರೆ ತಲೆನೋವೂ ಇಲ್ಲ. ಒಂದು ಪ್ಲೇಟಿಗೆ ಮುಗಿಸುತ್ತಿದ್ದವನು ಮೂರು ಬಗೆ ರುಚಿ ನೋಡಿ ಮುನ್ನೂರು ಕೊಡುತ್ತಾನೆ.

ಕಾಗದದ ಮೇಲೆ ಇದು ಚೆನ್ನಾಗಿತ್ತು. ಅಡುಗೆಮನೆಯಲ್ಲಿ ಮೂರೇ ದಿನಕ್ಕೆ ಮಗುಚಿ ಬಿತ್ತು.

ಅರ್ಧ ಪ್ಲೇಟ್ ಅಂದರೆ ಮಾಲು ಅರ್ಧ, ಆದರೆ ಆರ್ಡರ್ ಮೂರು ಪಟ್ಟು. ನಮ್ಮಲ್ಲಿ ಇದ್ದದ್ದು ಮೂರು ಬರ್ನರ್. ಮೆನುವಿನಲ್ಲಿ ನೂರಮೂವತ್ತು ಐಟಂ, ಬಹುಪಾಲು ಚೈನೀಸ್. ಪ್ರತಿಯೊಂದನ್ನೂ ಆಗಲೇ ಬಾಣಲಿಗೆ ಹಾಕಬೇಕು. ಚಿಲ್ಲಿ ಚಿಕನ್ ಅರ್ಧ ಮಾಡಲೂ ಅಷ್ಟೇ ಹೊತ್ತು, ಅಷ್ಟೇ ಗ್ಯಾಸ್. ಟೇಬಲ್ಲಿಗೆ ಬರಲು ನಲವತ್ತು ನಿಮಿಷ. ಸಪ್ಲೈಯರ್ ಹುಡುಗರು ಬೈಗುಳ ತಿಂದು ತಿಂದು ಸಾಕಾದರು. ಮಾಸ್ಟರ್ ಸೌಟು ಇಟ್ಟು, "ಅಣ್ಣ, ಇದು ಮಕ್ಕಳ ಆಟ ಅಲ್ಲ" ಅಂತ ಹೇಳಿ ಹೊರಟುಹೋದ. ಮೊದಲ ಮೂರು ತಿಂಗಳಲ್ಲಿ ಒಂದೂವರೆ ಲಕ್ಷದ ಹತ್ತಿರ ಹೋಯಿತು. ಅಪ್ಪ ಏನೂ ಹೇಳಲಿಲ್ಲ. ಏನೂ ಹೇಳದಿದ್ದರೆ ಇನ್ನೂ ಕಷ್ಟ ಅಲ್ವಾ?

ತಟ್ಟೆಯದೂ ಒಂದು ಕಥೆ. ಅರ್ಧಕ್ಕೆ ಅಂತ ಅರವತ್ತು ಸಣ್ಣ ಸ್ಟೀಲ್ ತಟ್ಟೆ ತಂದೆ. ಮೊದಲ ದಿನವೇ ಒಬ್ಬ, "ಏನಣ್ಣ, ಪ್ರಸಾದ ಕೊಟ್ಟಂಗಿದೆ" ಅಂದ. ಇಡೀ ಬಾರು ನಕ್ಕಿತು. ಒಂದು ವಾರ ಪ್ರಸಾದ ಅಂತಲೇ ಆರ್ಡರ್ ಕೊಟ್ಟರು. ಆಮೇಲೆ ಅಂಗೈಯಗಲದ ಕಬ್ಬಿಣದ ಬಾಣಲಿ ತರಿಸಿದೆ, ಎಂಬತ್ತಕ್ಕೆ ಹನ್ನೆರಡೋ ಹದಿಮೂರೋ ಸಾವಿರ. ಕಾಯಿಸಿದ ಬಾಣಲಿಯಲ್ಲಿ ಅದೇ ನೂರನಲವತ್ತು ಗ್ರಾಂ ಹಾಕಿ ಕೊಟ್ಟರೆ ಚುರ್ ಅನ್ನುತ್ತದೆ. ಕಮ್ಮಿ ಅಂತ ಯಾರೂ ಹೇಳಲಿಲ್ಲ.

ದಾರಿ ತೋರಿಸಿದ್ದು ಒಂದು ಬೀಗರೂಟ. ಮಳವಳ್ಳಿ ಕಡೆ ನೆಂಟರ ಮನೆಯಲ್ಲಿ ಐನೂರು ಜನಕ್ಕೆ ಬಡಿಸುತ್ತಿದ್ದರು. ಬೆಳಗ್ಗೆ ಮಾಡಿಟ್ಟ ಬೋಟಿ ಗೊಜ್ಜು, ಕೈಮಾ ಉಂಡೆ, ತಲೆಮಾಂಸ. ಹೊತ್ತು ಕಳೆದಂತೆ ರುಚಿ ಏರುತ್ತಿತ್ತೇ ಹೊರತು ಇಳಿಯಲಿಲ್ಲ. ಎಲೆ ಮುಂದೆ ಕೂತಾಗಲೇ ಹೊಳೆಯಿತು. ತಪ್ಪು ಅರ್ಧ ಪ್ಲೇಟಿನದ್ದಲ್ಲ. ಮಾಡಿಟ್ಟರೆ ಕೆಡುವ ಅಡುಗೆಯನ್ನು ನಾನು ಅರ್ಧ ಮಾಡಲು ಹೋಗಿದ್ದೆ. ಇಟ್ಟಷ್ಟೂ ಹದವಾಗುವ ಅಡುಗೆಯನ್ನು ಅರ್ಧ ಮಾಡಬೇಕು.

ಅಲ್ಲಿ ಅಡುಗೆಗೆ ನಿಂತಿದ್ದ ಒಬ್ಬ ಅಕ್ಕನನ್ನೇ ಕೇಳಿದೆ. ಬಾರು ಅಂದ ತಕ್ಷಣ ಮುಖ ತಿರುಗಿಸಿದರು. ಬೆಳಗ್ಗೆ ಹತ್ತಕ್ಕೆ ಹಿಂಬಾಗಿಲಿಂದ ಬನ್ನಿ, ಸಂಜೆ ಐದಕ್ಕೆ ಹೊರಡಿ, ಬಾರಿನ ಮುಖ ನೋಡುವುದೇ ಬೇಡ ಅಂದೆ. ಎರಡು ವಾರ ಬಿಟ್ಟು ಬಂದರು, ಜೊತೆಗೆ ಒಬ್ಬ ಸಹಾಯಕಿಯನ್ನೂ ಕರೆತಂದರು. ಈಗ ಮೂರು ವರ್ಷ ಆಗುತ್ತಾ ಬಂತು. ಸಂಜೆ ಬರುವ ಮಾಸ್ಟರ್ ಕೆಲಸ ಬಿಸಿ ಮಾಡಿ, ಕಾಳುಮೆಣಸು, ಕರಿಬೇವು ಹಾಕಿ ಎತ್ತುವುದು ಅಷ್ಟೇ. ಕಬಾಬ್ ಮತ್ತು ಮೊಟ್ಟೆ ಮಾತ್ರ ಆಗಿಂದಾಗ. ಈಗ ಐದಾರು ನಿಮಿಷಕ್ಕೆ ಟೇಬಲ್ಲಿಗೆ ಬರುತ್ತದೆ. ದಿನಕ್ಕೆ ಒಂದೂವರೆ ಕಮರ್ಷಿಯಲ್ ಸಿಲಿಂಡರ್ ಹೋಗುತ್ತಿದ್ದದ್ದು ಒಂದಕ್ಕೆ ಇಳಿಯಿತು.

ನೂರಮೂವತ್ತರ ಮೆನು ಇಪ್ಪತ್ತಾರಕ್ಕೆ ಬಂತು. ಬೋಟಿಯಲ್ಲಿ ಲಾಭ ಜಾಸ್ತಿ, ಮಾಲು ಅಗ್ಗ, ಆದರೆ ತೊಳೆಯುವ ಕೆಲಸ ಯಾರಿಗೂ ಬೇಡ. ಬಿಸಿನೀರು, ಸುಣ್ಣ, ಮತ್ತೆ ಬಿಸಿನೀರು. ವಾಸನೆ ಪೂರಾ ಹೋಗಲು ಅಕ್ಕ ಇನ್ನೊಂದು ವಸ್ತು ಹಾಕುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಮೊದಮೊದಲು ಎಷ್ಟು ಮಾಡಬೇಕು ಅಂತ ಗೊತ್ತಾಗದೆ ರಾತ್ರಿ ಎರಡು ಮೂರು ಕೆಜಿ ಉಳಿದುಬಿಡುತ್ತಿತ್ತು. ಹುಡುಗರು ವಾರವಿಡೀ ಬೋಟಿ ತಿಂದು, "ಅಣ್ಣ, ಇವತ್ತಾದ್ರೂ ತಿಳಿಸಾರು ಮಾಡ್ಸಿ" ಅಂತ ಬೇಡಿಕೊಂಡರು. ಈಗ ದಿನಕ್ಕೆ ಎಷ್ಟು ಅಂತ ಬರೆದಿಟ್ಟಿದ್ದೇನೆ. ಒಂಬತ್ತೂವರೆಗೆ ಖಾಲಿ ಆದರೆ ಆಯಿತು, ಮತ್ತೆ ಮಾಡುವುದಿಲ್ಲ. ಖಾಲಿ ಆಯ್ತು ಅನ್ನುವುದೂ ಒಂದು ವ್ಯಾಪಾರವೇ. ಮರುದಿನ ಏಳಕ್ಕೇ ಬರುತ್ತಾರೆ.

ಕಬಾಬ್ ಬಗ್ಗೆ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ. ಕೆಂಪು ಬಣ್ಣದ ಪುಡಿ ನಿಲ್ಲಿಸಿ ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕಲು ಶುರು ಮಾಡಿದ್ದು 2022ರಲ್ಲೇ. ಆಗ ಗಿರಾಕಿಗಳೇ ಗಲಾಟೆ ಮಾಡಿದರು. ಕಬಾಬ್ ಕೆಂಪಗಿಲ್ಲ, ನಿನ್ನೆಯದ್ದು ಅಂತ ವಾಪಸ್ ಕಳಿಸಿದರು. ದಿನಕ್ಕೆ ಏಳೆಂಟು ಪ್ಲೇಟ್ ವಾಪಸ್. 2024ರ ಜೂನ್‌ನಲ್ಲಿ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತಲ್ಲ, ಅವತ್ತು ಸುತ್ತಮುತ್ತಲಿನವರೆಲ್ಲ ಮಾಸಲು ಕಬಾಬ್ ಹಿಡಿದು ನಿಂತಿದ್ದರು. ನಮ್ಮದು ಎರಡು ವರ್ಷ ಮೊದಲೇ ಹದಕ್ಕೆ ಬಂದಿತ್ತು. ಬ್ಯಾಡಗಿಗೆ ಬಣ್ಣ ಇದೆ, ಖಾರ ಕಮ್ಮಿ. ಖಾರಕ್ಕೆ ಗುಂಟೂರು ಬೆರೆಸಬೇಕು. ಅಳತೆ ಕೇಳಬೇಡಿ.

ಹೀಗೆ ತಿನ್ನುವುದರ ಕಡೆ ಹೊರಳಿದ್ದು ಒಳ್ಳೆಯದೇ ಆಯಿತು ಅಂತ ಗೊತ್ತಾಗಿದ್ದು 2023ರ ಜುಲೈನಲ್ಲಿ. ಬಜೆಟ್ಟಿನಲ್ಲಿ ಬ್ರಾಂದಿ-ವಿಸ್ಕಿ ಥರದ ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಎಲ್ಲ ಸ್ಲ್ಯಾಬಿನಲ್ಲೂ (ಬೆಲೆಯ ಹಂತ) ಶೇ 20 ಏರಿಸಿದರು. ಬಿಯರಿಗೆ ಶೇ 175 ಇದ್ದದ್ದು 185 ಆಯಿತು. ಗಿರಾಕಿಯ ಜೇಬು ಹಾಗೇ ಇದೆ. ಮೂರು ಪೆಗ್ಗಿನವರು ಎರಡಕ್ಕೆ ಇಳಿದರು. ಬರೀ ಬಾಟಲಿ ನಂಬಿದವರಿಗೆ ಹೊಡೆತ ಬಿತ್ತು. ಕೆಎಸ್‌ಬಿಸಿಎಲ್ (ಸರ್ಕಾರದ ಮದ್ಯ ಸಗಟು ನಿಗಮ) ಡಿಪೋದಲ್ಲಿ ಮೊದಲು ದುಡ್ಡು ಕಟ್ಟಬೇಕು, ಆಮೇಲೆ ಮಾಲು. ಮಟನ್ ಅಂಗಡಿಯವರಾದರೆ ಸೋಮವಾರ ಕೊಡಿ ಅನ್ನುತ್ತಾರೆ. ದುಡ್ಡು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಓಡಾಡುತ್ತದೆ ಅಂತ ಯೋಚನೆ ಮಾಡಿ.

ಈಗಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ದಿನದ ಕೌಂಟರ್ 31,000 ಆಸುಪಾಸು. ಅದರಲ್ಲಿ ತಿನ್ನುವುದರದ್ದು 14,000. ಮದ್ಯದ್ದು 17,000, ಅಂದರೆ ಮೊದಲು ಇದ್ದಷ್ಟೇ. ದರ ಏರಿರುವುದರಿಂದ ಬಾಟಲಿ ಲೆಕ್ಕದಲ್ಲಿ ಕಮ್ಮಿಯೇ ಹೋಗುತ್ತಿದೆ. ಅಡುಗೆ ಸಾಮಾನಿಗೆ ಆರು ಸಾವಿರದ ಒಳಗೆ. ಸಂಬಳ ಏರಿದೆ, ಇಬ್ಬರು ಜಾಸ್ತಿ ಆಗಿದ್ದಾರೆ. ಎಲ್ಲ ಕಳೆದು ಕೈಯಲ್ಲಿ ಉಳಿಯುವುದು ಮೊದಲಿನದ್ದಕ್ಕಿಂತ ಸುಮಾರು ಎರಡು ಪಟ್ಟು.

ಅತ್ತಿತ್ತ ಮಾಡಿದ ಪ್ರಯೋಗ ಬೇಕಾದಷ್ಟಿವೆ. ಮುದ್ದೆ ಇಟ್ಟೆ, ಆರಿ ಕಲ್ಲಾಯಿತು. ಈಗ ಎಂಟೂವರೆಗೆ ಒಂದು ಸಲ, ಒಂಬತ್ತೂವರೆಗೆ ಒಂದು ಸಲ ಬಿಸಿಬಿಸಿ ಕಟ್ಟುತ್ತೇವೆ, ಕಿತ್ತಳೆ ಗಾತ್ರದ್ದು. ಮುದ್ದೆ ಬಂತು ಅಂತ ಹುಡುಗ ಒಂದು ಸಲ ಕೂಗಿದರೆ ಅರ್ಧ ಬಾರು ಕೈ ಎತ್ತುತ್ತದೆ. ಚಳಿಗಾಲದಲ್ಲಿ ಬಂದು ಕೂತ ತಕ್ಷಣ ಸಣ್ಣ ಲೋಟದಲ್ಲಿ ಕಾಲಿನ ಸೂಪ್ ಫ್ರೀ ಕೊಟ್ಟೆ. ಖರ್ಚು ತಲೆಗೆ ನಾಲ್ಕೈದು ರೂಪಾಯಿ. ಸೂಪ್ ಕುಡಿದವನು ತಿನ್ನದೆ ಎದ್ದದ್ದು ನಾನು ನೋಡಿಲ್ಲ. ಎದ್ದು ಹೋಗುವಾಗ ಒಂದು ಲೋಟ ಮಜ್ಜಿಗೆ ಕೊಡುತ್ತೇವೆ. ಅದು ಶುರುವಾದ ಮೇಲೆ ಬಾಗಿಲ ಹತ್ತಿರದ ಜಗಳ ಕಮ್ಮಿ ಆಗಿದೆ. ಯಾಕೆ ಅಂತ ಗೊತ್ತಿಲ್ಲ, ಮಜ್ಜಿಗೆ ಮಾತ್ರ ನಿಲ್ಲಿಸಿಲ್ಲ.

ಇನ್ನೊಂದು ವಿಷಯ, ಇದಕ್ಕೆ ಎಲ್ಲರೂ ನಕ್ಕರು. ಕ್ಯಾಬಿನ್ ಒಡೆಸಿ, ಹಳದಿ ಬೆಳಕು ಹಾಕಿಸಿ, ಹೆಂಗಸರಿಗೆ ಬೇರೆ ಟಾಯ್ಲೆಟ್ ಕಟ್ಟಿಸಿದೆ. ಅದೊಂದಕ್ಕೇ 1,40,000. ಮೊದಲ ನಾಲ್ಕು ತಿಂಗಳು ಒಬ್ಬರೂ ಬರಲಿಲ್ಲ. ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಮೇಷ್ಟ್ರು ತಮ್ಮ ಮನೆಯವರನ್ನು ಕರೆದುಕೊಂಡು ಬಂದರು. ಆಕೆ ಕೈಮಾ ಉಂಡೆ ತಿಂದು, "ಇವರು ದಿನಾ ಇಲ್ಲಿಗೆ ಬರೋದು ಕುಡಿಯೋಕೆ ಅನ್ಕೊಂಡಿದ್ದೆ" ಅಂದರು. ಈಗ ಭಾನುವಾರ ಮಧ್ಯಾಹ್ನ ನಾಲ್ಕೈದು ಟೇಬಲ್ ಮನೆಮಂದಿಯೇ ಇರುತ್ತಾರೆ. ಅವತ್ತು ಮದ್ಯ ಹೋಗುವುದಿಲ್ಲ, ಆದರೆ ವಾರದ ಊಟದ ಲೆಕ್ಕದಲ್ಲಿ ಅದೇ ದೊಡ್ಡ ದಿನ. ಯುಗಾದಿ ಮರುದಿನದ ವರ್ಷತೊಡಕಿಗಂತೂ ಹನ್ನೆರಡಕ್ಕೆ ಶುರುವಾಗಿ ಮೂರಕ್ಕೆ ಪಾತ್ರೆ ತಳ ಕಾಣುತ್ತದೆ.

ಬಗೆಹರಿಯದಿರುವುದು ಶ್ರಾವಣ ಒಂದೇ. ನಮ್ಮ ಕಡೆ ಅರ್ಧ ಜನ ಆ ತಿಂಗಳು ಬಾಡು ಮುಟ್ಟುವುದಿಲ್ಲ. ಹಾಗಂತ ಕುಡಿಯುವುದು ಬಿಡುತ್ತಾರಾ ಅಂದರೆ, ಕೆಲವರು ಬಿಡುತ್ತಾರೆ, ಕೆಲವರು ಶನಿವಾರ ಮಾತ್ರ ಬಿಡುತ್ತಾರೆ. ಕೌಂಟರ್ ಮೂರನೇ ಒಂದು ಭಾಗ ಬೀಳುತ್ತದೆ. ಹಿದಕಿದ ಅವರೆ ಅರ್ಧ ಪ್ಲೇಟ್ ಚೆನ್ನಾಗಿ ಹೋಗುತ್ತದೆ, ಆದರೆ ಅದರ ಕಾಲ ಡಿಸೆಂಬರ್-ಜನವರಿ. ಶ್ರಾವಣಕ್ಕೆ ಬದನೆಕಾಯಿ ಎಣ್ಣೆಗಾಯಿ ಇಟ್ಟೆ, ಹೆಸರುಕಾಳು ಉಸ್ಲಿ ಇಟ್ಟೆ, ಅಣಬೆಗೆ ಬೋಟಿ ಮಸಾಲೆ ಹಾಕಿಸಿದೆ. ಅಣಬೆ ಒಂದೇ ಅಷ್ಟೋ ಇಷ್ಟೋ ನಡೆಯಿತು. ಅಕ್ಕನನ್ನು ಕೇಳಿದರೆ, "ಶ್ರಾವಣದಾಗೆ ಸುಮ್ನೆ ಬಾಗ್ಲಾಕಿ ಬಣ್ಣ ಹೊಡ್ಸಿ, ನಾನೂ ಊರಿಗೋಗ್ ಬತ್ತೀನಿ" ಅಂದರು. ಹೋದ ವರ್ಷ ಹಾಗೇ ನಾಲ್ಕು ದಿನ ಮುಚ್ಚಿ ಬಣ್ಣ ಹೊಡೆಸಿದೆ. ಈ ವರ್ಷ ಗೋಡೆ ಇನ್ನೂ ಚೆನ್ನಾಗಿಯೇ ಇದೆ.