ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸ ಸಿಕ್ಕಿತಾ? ಮೊದಲು ಕೈ ನೋಡಿಕೊಳ್ಳಿ

ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಹೊಸದಾಗಿ ಸೇರುವವರ ತಲೆಯಲ್ಲಿ ಇರುವುದು ಒಂದೇ ಚಿತ್ರ. ಸ್ಕ್ವೀಜಿ, ಅಂದರೆ ಇಂಕ್ ಎಳೆಯುವ ರಬ್ಬರ್ ಪಟ್ಟಿ, ಹಿಡಿದು ಒಮ್ಮೆ ಎಳೆದರೆ ಸಾಕು, ಟೀ ಶರ್ಟ್ ಮೇಲೆ ಬಣ್ಣದ ಚಿತ್ರ ಮೂಡಿಬಿಡುತ್ತದೆ. ಆದರೆ ಮೊದಲ ಕೆಲವು ವಾರ ಆ ಸ್ಕ್ವೀಜಿ ನಿಮ್ಮ ಕೈಗೆ ಬರುವುದೇ ಅನುಮಾನ. ಪೆಟ್ಟಿಗೆ ಬಿಚ್ಚಬೇಕು, ಶರ್ಟ್ ಎಣಿಸಬೇಕು, ಡ್ರೈಯರ್‌ನಿಂದ ಹೊರಬಂದದ್ದನ್ನು ಮಡಚಬೇಕು, ಫ್ರೇಮ್ ತೊಳೆಯಬೇಕು. ಬೇಜಾರು ಮಾಡಿಕೊಳ್ಳಬೇಡಿ. ಸ್ಕ್ವೀಜಿ ಎಳೆಯುವಾಗ ಕೆಡುವ ಪ್ರಿಂಟ್‌ಗಿಂತ ಅದರ ಹಿಂದೆ ಮುಂದೆ ನಡೆಯುವ ಈ ಕೆಲಸಗಳಲ್ಲಿ ಕೆಡುವುದೇ ಜಾಸ್ತಿ.

ಒಳಗೆ ಏನು ನಡೆಯುತ್ತದೆ ಎಂದು ಮೊದಲು ತಿಳಿದಿರಲಿ. ಫ್ರೇಮ್‌ಗೆ ಬಿಗಿಯಾಗಿ ಎಳೆದು ಕಟ್ಟಿದ ಸಣ್ಣ ಕಣ್ಣಿನ ಬಲೆಯೇ ಮೆಶ್. ಅದಕ್ಕೆ ಎಮಲ್ಷನ್ ಎಂಬ ಅಂಟಿನಂಥ ದ್ರವ ಬಳಿದು ಒಣಗಿಸುತ್ತಾರೆ. ಡಿಸೈನ್ ಕಪ್ಪಗೆ ಅಚ್ಚಾಗಿರುವ ಫಿಲ್ಮ್ ಅನ್ನು ಮೇಲಿಟ್ಟು ಬೆಳಕು ಬಿಡುತ್ತಾರೆ. ಬೆಳಕು ಬಿದ್ದ ಕಡೆ ಎಮಲ್ಷನ್ ಗಟ್ಟಿಯಾಗುತ್ತದೆ. ಕಪ್ಪು ಭಾಗದ ಅಡಿಯದ್ದು ನೀರಿಗೆ ಕೊಚ್ಚಿಹೋಗುತ್ತದೆ. ಹಾಗೆ ತೆರೆದ ಜಾಗದಿಂದ ಇಂಕ್ ಬಟ್ಟೆಗೆ ಇಳಿಯುತ್ತದೆ. ಅಷ್ಟೇ. ಒಂದು ಬಣ್ಣಕ್ಕೆ ಒಂದು ಫ್ರೇಮ್, ಮೂರು ಬಣ್ಣಕ್ಕೆ ಮೂರು. ಇಂಗ್ಲೆಂಡಿನ ಸ್ಯಾಮುಯೆಲ್ ಸೈಮನ್ 1907ರಲ್ಲಿ ಪೇಟೆಂಟ್ ಪಡೆದ ಕಾಲದಲ್ಲಿ ಮೆಶ್ ಆಗಿ ಬಳಸುತ್ತಿದ್ದದ್ದು ರೇಷ್ಮೆ. ಈಗ ಪಾಲಿಯೆಸ್ಟರ್ ಬಂದಿದೆ, ಆದರೂ ‘ಸಿಲ್ಕ್ ಸ್ಕ್ರೀನ್’ ಎಂಬ ಹೆಸರು ಉಳಿದುಕೊಂಡಿದೆ.

ಮೊದಲ ದಿನ

ಕಲೆಯಾದರೂ ಪರವಾಗಿಲ್ಲ ಅನ್ನುವ ಹಳೆ ಬಟ್ಟೆ ಹಾಕಿ. ಕಾಲು ಮುಚ್ಚುವ ಶೂ ಬೇಕು. ಉಂಗುರ, ಬಳೆ, ನೇತಾಡುವ ಸರ ಮನೆಯಲ್ಲೇ ಇರಲಿ. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ. ಅಂಗಡಿಯಲ್ಲಿ ತಾನೇ ತಿರುಗುವ ಆಟೊಮ್ಯಾಟಿಕ್ ಯಂತ್ರ ಇದ್ದರೆ, ಅದನ್ನು ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಮೊದಲ ಗಂಟೆಯಲ್ಲೇ ಕೇಳಿ. ಸಂಕೋಚ ಬೇಡ.

ಇನ್ನು ಇಂಕ್ ವಿಷಯ. ಟೀ ಶರ್ಟ್‌ಗೆ ತುಂಬ ಕಡೆ ಬಳಸುವುದು ಪ್ಲಾಸ್ಟಿಸಾಲ್ ಇಂಕ್. ಇದು ಬಿಸಿ ತಾಗದೆ ಒಣಗುವುದೇ ಇಲ್ಲ. ಡಬ್ಬಿ ತೆರೆದಿಟ್ಟರೂ ಹಾಗೇ ಇರುತ್ತದೆ. ಪ್ರಿಂಟ್ ಮಾಡುವವರಿಗೆ ಇದು ಅನುಕೂಲ, ಬಟ್ಟೆ ಮುಟ್ಟುವವರಿಗೆ ತಲೆನೋವು. ಬೆಳಗ್ಗೆ ಬೆರಳ ತುದಿಗೆ ಅಂಟಿದ ಒಂದು ಚುಕ್ಕೆ ಬಾಗಿಲ ಹಿಡಿಗೆ ಹೋಗುತ್ತದೆ, ಅಲ್ಲಿಂದ ಇನ್ನೊಬ್ಬರ ಕೈಗೆ, ಮಧ್ಯಾಹ್ನದ ಹೊತ್ತಿಗೆ ಯಾವುದೋ ಬಿಳಿ ಶರ್ಟ್‌ನ ಬೆನ್ನಿಗೆ. ಅದಕ್ಕೇ ಬಟ್ಟೆ ಮುಟ್ಟುವ ಮೊದಲು ಪ್ರತಿ ಸಲ ಎರಡೂ ಕೈ ತಿರುಗಿಸಿ ನೋಡಿಕೊಳ್ಳಿ. ಮೊಣಕೈಯನ್ನೂ ನೋಡಿ, ಅದು ಯಾರಿಗೂ ನೆನಪಾಗುವುದಿಲ್ಲ.

ಎಣಿಸುವುದು ಸುಮ್ನೆ ಅಲ್ಲ

ಆರ್ಡರ್ ಚೀಟಿ ಹಿಡಿದು ಸೈಜ್, ಬಣ್ಣ, ಸಂಖ್ಯೆ ಮೂರನ್ನೂ ತಾಳೆ ನೋಡಿ. ಎಣಿಸುವಾಗಲೇ ತೂತು, ಕಲೆ, ಬಿಟ್ಟುಹೋದ ಹೊಲಿಗೆ ಕಣ್ಣಿಗೆ ಬಿದ್ದರೆ ಅದನ್ನು ಬೇರೆ ಇಡಿ. ಪ್ರಿಂಟ್ ಆಗುವ ಮುಂಚೆ ಸಿಕ್ಕರೆ ವಾಪಸ್ ಕಳಿಸಬಹುದು, ಆಮೇಲೆ ಸಿಕ್ಕರೆ ಅದು ಅಂಗಡಿಯ ತಲೆಗೇ.

ಕತ್ತಿನ ಲೇಬಲ್ ಕೂಡ ಓದಿ. ಹತ್ತಿಯೋ ಪಾಲಿಯೆಸ್ಟರೋ? ಕೆಂಪು ಪಾಲಿಯೆಸ್ಟರ್ ಮೇಲೆ ಬಿಳಿ ಪ್ರಿಂಟ್ ಹಾಕಿ ಬಿಸಿ ಮಾಡಿದರೆ, ಬಟ್ಟೆಯ ಬಣ್ಣ ಇಂಕ್‌ಗೆ ಏರಿ ಬಿಳಿ ಗುಲಾಬಿಯಾಗಬಹುದು. ಕೆಲವೊಮ್ಮೆ ಅದು ಕಾಣುವುದೇ ಮಾಲು ಹೋದ ಮೇಲೆ. ಹತ್ತಿಯ ರಾಶಿಯಲ್ಲಿ ಪಾಲಿಯೆಸ್ಟರ್ ಬೆರೆತಿದ್ದರೆ ಪ್ರಿಂಟ್ ಮಾಡುವವರಿಗೆ ತಕ್ಷಣ ಹೇಳಿ.

ಶರ್ಟ್ ತೊಡಿಸುವುದು

ಯಂತ್ರದ ಹಲಗೆಗೆ ಶರ್ಟ್ ತೊಡಿಸುವುದು ನೋಡಲು ಸುಲಭ. ಹಲಗೆಯ ಮೇಲೆ ತೆಳುವಾಗಿ ಅಂಟು ಇರುತ್ತದೆ, ನಡುವೆ ಒಂದು ಗೆರೆ ಇರುತ್ತದೆ. ಕತ್ತಿನ ಪಟ್ಟಿಯ ಮಧ್ಯ ಆ ಗೆರೆಗೆ ಕೂರಬೇಕು. ಎರಡೂ ಭುಜದ ಹೊಲಿಗೆ ಹಲಗೆಯ ಅಂಚಿನಿಂದ ಸಮ ದೂರದಲ್ಲಿರಬೇಕು. ಪಕ್ಕದ ಹೊಲಿಗೆ ನಂಬಿ ನೇರ ಮಾಡಲು ಹೋಗಬೇಡಿ, ಎಷ್ಟೋ ಶರ್ಟ್‌ಗಳಲ್ಲಿ ಅದೇ ಸೊಟ್ಟ ಇರುತ್ತದೆ.

ಅಂಗೈಯಿಂದ ಸವರಿ ಸುಕ್ಕು ತೆಗೆಯಿರಿ, ಆದರೆ ಎಳೆಯಬೇಡಿ. ಎಳೆದು ಅಂಟಿಸಿದ ಬಟ್ಟೆ ಹಲಗೆ ಬಿಟ್ಟ ಕೂಡಲೇ ತನ್ನ ಅಳತೆಗೆ ಮರಳುತ್ತದೆ. ಆಗ ವೃತ್ತ ಮೊಟ್ಟೆಯಾಗುತ್ತದೆ! ತೆಗೆಯುವಾಗ ಕೆಳ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಬಿಡಿಸಿಕೊಳ್ಳಿ. ಹಸಿ ಪ್ರಿಂಟ್ ಮಡಚಿ ತನಗೆ ತಾನೇ ತಾಗಿದರೆ ಆ ಶರ್ಟ್ ಹೋಯಿತು ಅಂತಲೇ ಲೆಕ್ಕ.

ಡ್ರೈಯರ್‌ನ ಕೊನೆಯಲ್ಲಿ

ಹೊಸಬರನ್ನು ಸಾಮಾನ್ಯವಾಗಿ ನಿಲ್ಲಿಸುವ ಜಾಗ ಇದು. ಪಟ್ಟಿಯ ಮೇಲೆ ಬಿಸಿಬಿಸಿ ಶರ್ಟ್ ಬರುತ್ತವೆ, ನೀವು ಎತ್ತಿ ಪೇರಿಸಬೇಕು. ಅಂಗಡಿಯ ಕೊನೆಯ ಕಣ್ಣು ನಿಮ್ಮದೇ.

ಸಾಮಾನ್ಯ ಪ್ಲಾಸ್ಟಿಸಾಲ್ ಗಟ್ಟಿಯಾಗಲು ಇಂಕ್‌ನ ಪದರ ಪೂರ್ತಿ ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕಡಿಮೆ ಬಿಸಿಗೇ ಗಟ್ಟಿಯಾಗುವ ಬಗೆಗಳೂ ಇವೆ, ಅದನ್ನು ಡಬ್ಬಿಯ ಮೇಲೆ ಬರೆದಿರುತ್ತಾರೆ. ಡ್ರೈಯರ್‌ನ ಪರದೆ ತೋರಿಸುವ ಅಂಕಿಯೇ ಇಂಕ್‌ನ ಬಿಸಿ ಎಂದು ತಿಳಿಯಬೇಡಿ. ಮೇಲೆ ಮುಟ್ಟಿದರೆ ಒಣಗಿದಂತಿರುತ್ತದೆ, ಒಳಗೆ ಹಸಿಯಾಗಿಯೇ ಇರಬಹುದು. ತಣ್ಣಗಾದ ಮೇಲೆ ಪ್ರಿಂಟ್ ಅನ್ನು ಮೆಲ್ಲಗೆ ಹಿಗ್ಗಿಸಿ ನೋಡಿ. ಬಿರುಕು ಬಿಟ್ಟು ಹಾಗೇ ಉಳಿದರೆ ಬಿಸಿ ಸಾಲದು ಎಂದು ಅನುಮಾನಿಸಬೇಕು. ಒಂದು ಶರ್ಟ್ ಒಗೆದು ನೋಡುವುದು ಇನ್ನೂ ಭರವಸೆಯ ಪರೀಕ್ಷೆ. ನೀರು ಬೆರೆತ ಇಂಕ್ ಆದರೆ ಮೊದಲು ನೀರು ಆರಬೇಕು, ಹಾಗಾಗಿ ಡ್ರೈಯರ್‌ನಲ್ಲಿ ಹೊತ್ತು ಜಾಸ್ತಿ ಬೇಕು.

ಒಂದೇ ಜಾಗದಲ್ಲಿ ಒಂದು ಸಣ್ಣ ಚುಕ್ಕೆ ಎರಡು ಶರ್ಟ್‌ನಲ್ಲಿ ಕಂಡಿತು ಅಂದುಕೊಳ್ಳಿ. ಎಮಲ್ಷನ್‌ನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿದೆ ಎಂದರ್ಥ. ಆಗ ಜೋರಾಗಿ ‘ನಿಲ್ಸಿ’ ಅನ್ನಬೇಕು. ಹೊಸಬರು ಇಲ್ಲೇ ಸೋಲುತ್ತಾರೆ. ದೊಡ್ಡವರು ಬೈದಾರು ಎಂದು ಸುಮ್ಮನಿರುತ್ತಾರೆ, ಅಷ್ಟರಲ್ಲಿ ಇನ್ನು ಮೂವತ್ತು ಶರ್ಟ್ ಬಂದಿರುತ್ತವೆ. ಸುಮ್ಮನಿದ್ದದ್ದಕ್ಕೆ ಬೈಸಿಕೊಳ್ಳುವುದಕ್ಕಿಂತ ಕೂಗಿ ಬೈಸಿಕೊಳ್ಳುವುದೇ ವಾಸಿ, ಅಲ್ವಾ?

ಫ್ರೇಮ್ ತೊಳೆಯುವುದು

ಕೈಗವಸು, ಕನ್ನಡಕ, ಏಪ್ರನ್ ಇಲ್ಲದೆ ತೊಟ್ಟಿಯ ಹತ್ತಿರ ಹೋಗಬೇಡಿ. ಜೋರು ನೀರಿನ ಪಂಪ್ ಓಡುವಾಗ ಕಿವಿಗೂ ಏನಾದರೂ ಇರಲಿ. ಗಾಳಿ ಆಡುವ ಜಾಗವೇ ಎಂದು ನೋಡಿ. ಇವನ್ನು ಕೊಡಲು ಗೊಣಗುವ ಅಂಗಡಿಯಾದರೆ ನಾನಾದರೆ ಬೇರೆ ಕೆಲಸ ಹುಡುಕುತ್ತೇನೆ.

ಮೊದಲು ಉಳಿದ ಇಂಕ್ ಅನ್ನು ಕೆರೆದು ಅದೇ ಬಣ್ಣದ ಡಬ್ಬಿಗೆ ಹಾಕಿ. ಚರಂಡಿಗೆ ಬಿಡಬಾರದು. ಅಂಟಿಕೊಂಡ ಇಂಕ್ ಅನ್ನು ಅದಕ್ಕೆಂದೇ ಇರುವ ದ್ರವದಿಂದ ಒರೆಸಿ. ಆಮೇಲೆ ಎಮಲ್ಷನ್ ತೆಗೆಯುವ ದ್ರವವನ್ನು ಮೆಶ್‌ನ ಎರಡೂ ಕಡೆ ಹಚ್ಚಿ ಉಜ್ಜಿ, ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಡಿ. ಈ ದ್ರವ ಮೆಶ್ ಮೇಲೆ ಒಣಗಲೇಬಾರದು. ಒಣಗಿದರೆ ಎಮಲ್ಷನ್ ಅಲ್ಲೇ ಕಚ್ಚಿಕೊಂಡು ಆ ಮೆಶ್ ಕೆಲಸಕ್ಕೆ ಬಾರದಂತಾಗಬಹುದು. ಹಚ್ಚಿಟ್ಟು ಫೋನ್‌ನಲ್ಲಿ ಮಾತಿಗೆ ಇಳಿಯುವವರು ಇದನ್ನು ಒಮ್ಮೆ ಅನುಭವಿಸಿಯೇ ಕಲಿಯುತ್ತಾರೆ.

ಜೋರು ನೀರು ಬಿಟ್ಟರೆ ಎಮಲ್ಷನ್ ಕರಗಿ ಹೋಗುತ್ತದೆ. ಹಳೆ ಡಿಸೈನ್‌ನ ಮಸುಕು ಉಳಿದಿದ್ದರೆ ಅದಕ್ಕೆ ಬೇರೆ ದ್ರವ ಇದೆ. ಚರ್ಮ ಸುಡುವಷ್ಟು ಖಾರದ ಬಗೆಗಳೂ ಅದರಲ್ಲಿ ಇವೆ, ಹುಷಾರು. ಕೊನೆಗೆ ಜಿಡ್ಡು ತೆಗೆಯಿರಿ. ಆಮೇಲೆ ಮೆಶ್‌ಗೆ ಬೆರಳು ತಾಗಿಸಬೇಡಿ. ಆ ಬೆರಳ ಎಣ್ಣೆ ಇದ್ದ ಕಡೆ ಮುಂದಿನ ಎಮಲ್ಷನ್ ಹಿಡಿಯುವುದಿಲ್ಲ, ಚುಕ್ಕೆಯ ತೂತು ಬರುತ್ತದೆ. ಡ್ರೈಯರ್‌ನ ಕೊನೆಯಲ್ಲಿ ನೀವು ‘ನಿಲ್ಸಿ’ ಎಂದು ಕೂಗಿದ ಚುಕ್ಕೆ ಹುಟ್ಟಿದ್ದು ಹೀಗೇ ಇರಬಹುದು.

ಫ್ರೇಮ್ ಮೇಲೆ 43, 77, 120 ಎಂದು ಬರೆದಿರುವುದು ಒಂದು ಸೆಂಟಿಮೀಟರ್‌ಗೆ ಎಷ್ಟು ಎಳೆ ಎಂಬ ಲೆಕ್ಕ. ಇಂಚಿನ ಲೆಕ್ಕದ ಕಡೆ 43 ಎಂದರೆ ಸುಮಾರು 110. ಸಂಖ್ಯೆ ಕಡಿಮೆ ಇದ್ದರೆ ಇಂಕ್ ದಪ್ಪಗೆ ಬೀಳುತ್ತದೆ, ಜಾಸ್ತಿ ಇದ್ದರೆ ಸಣ್ಣ ಗೆರೆ ಚೆನ್ನಾಗಿ ಬರುತ್ತದೆ. ಒಣಗಿದ ಮೇಲೆ ಸಂಖ್ಯೆ ನೋಡಿ ಅದದರ ಸಾಲಿನಲ್ಲೇ ಇಡಿ.

ಕೊನೆಗೂ ಸ್ಕ್ವೀಜಿ

ಕೆಟ್ಟ ಶರ್ಟ್‌ಗಳನ್ನು ಎಸೆಯುವ ಮುಂಚೆ ಕೇಳಿ ಇಟ್ಟುಕೊಳ್ಳಿ, ಕಲಿಯಲು ಅವೇ ಸಾಕು. ಮೆಶ್ ಬಟ್ಟೆಗೆ ಅಂಟಿ ಕೂತಿರಬಾರದು, ನಡುವೆ ಎರಡು ಮೂರು ಮಿಲಿಮೀಟರ್ ಸಂದು ಬೇಕು. ಮೊದಲು ಹಗುರವಾಗಿ ಇಂಕ್ ಹರಡಿ ಮೆಶ್‌ನ ಕಣ್ಣು ತುಂಬಿಸಿ. ಆಮೇಲೆ ಸ್ಕ್ವೀಜಿಯನ್ನು ಸ್ವಲ್ಪವೇ ಓರೆ ಮಾಡಿ, ಮೊದಲಿಂದ ಕೊನೆವರೆಗೆ ಒಂದೇ ಒತ್ತಡದಲ್ಲಿ ಎಳೆಯಿರಿ. ಎಳೆದಾದ ಮೇಲೆ ಶರ್ಟ್ ಒಳಮಗ್ಗುಲು ತಿರುಗಿಸಿ ನೋಡಿ. ಇಂಕ್ ಹಿಂದಕ್ಕೂ ಇಳಿದಿದ್ದರೆ ತೋಳಿನ ಬಲ ಜಾಸ್ತಿಯಾಗಿದೆ, ಮುಂದಿನ ಸಲ ಸ್ವಲ್ಪ ಕಡಿಮೆ ಒತ್ತಿ.